ಹೇಂಟೆಯ ಕಾವೋ, ಬಲ್ಬಿನ ಶಾಖವೋ?

ಹಿತ್ತಲಲ್ಲಿ ಕೋಳಿ ಸಾಕುವವರಿಗೆ ಮರಿಗಳ ಮೊದಲ ನಾಲ್ಕು ವಾರವೇ ಕಂಟಕ. ದಾಟಿಸಲು ಇರುವುದು ಎರಡು ದಾರಿ: ನಾಟಿ ಹೇಂಟೆಯನ್ನು ಕಾವಿಗೆ ಕೂರಿಸಬೇಕು, ಇಲ್ಲವೇ ಒಂದು ದಿನದ ಮರಿ ತಂದು ಬಲ್ಬಿನಡಿ ಬೆಳೆಸಬೇಕು. ಎರಡನ್ನೂ ಮಾಡಿ ನೋಡಿದ ಮೇಲೆ ಹೇಳುವುದಾದರೆ, ಹನ್ನೆರಡು ಮರಿಯವರೆಗೆ ಹೇಂಟೆ, ಇಪ್ಪತ್ತು ದಾಟಿದರೆ ಬಲ್ಬು.

ಹೇಂಟೆಗೆ ಬೇಕಾದದ್ದು ಒಂದು ಬುಟ್ಟಿ, ಅದರಲ್ಲಿ ಬೂದಿ ಬೆರೆಸಿದ ಮರಳು, ಮೇಲೆ ಒಣಹುಲ್ಲು, 10–12 ಮೊಟ್ಟೆ. ಮೊಟ್ಟೆ ವಾರಕ್ಕಿಂತ ಹಳೆಯದಾಗಬಾರದು. 7ನೇ ರಾತ್ರಿ ಟಾರ್ಚ್ ಹಿಡಿದು ನೋಡಿ: ಕೆಂಪು ನರ ಹರಡಿದ್ದರೆ ಜೀವ ಇದೆ, ತಿಳಿಯಾಗಿದ್ದರೆ ಗೊಡ್ಡು, ತೆಗೆದುಬಿಡಿ. 21ನೇ ದಿನ ಮರಿ. ಆಮೇಲೆ ಶಾಖ, ಮೇವು ಹುಡುಕುವ ಪಾಠ, ಗಿಡುಗ ಕಂಡಾಗ ಅಡಗುವ ಬುದ್ಧಿ ಎಲ್ಲ ಅವಳದೇ. ಆದರೂ ಮೊದಲ ಹತ್ತು ದಿನ ತಾಯಿ ಮರಿಗಳನ್ನು ಮಂಕರಿಯಡಿ ಇಡದಿದ್ದರೆ ಕಾಗೆ, ಮುಂಗುಸಿ ಒಂದೊಂದನ್ನೇ ಎತ್ತುತ್ತವೆ. ಕಣ್ಣಿಗೆ ಕಾಣದ ನಷ್ಟ ಇನ್ನೊಂದಿದೆ: ಕಾವು, ಮರಿ ಸಾಕಣೆ ಸೇರಿ ಎರಡು ಎರಡೂವರೆ ತಿಂಗಳು ಅವಳು ಮೊಟ್ಟೆ ಇಡುವುದಿಲ್ಲ.

ಬಲ್ಬಿನ ಖರ್ಚು ಜನ ಅಂದುಕೊಂಡಷ್ಟಿಲ್ಲ. 25 ಮರಿಗೆ 60 ವ್ಯಾಟಿನ ಎರಡು ಬಲ್ಬು ಮೊದಲ ವಾರ ಹಗಲು ರಾತ್ರಿ, ಮುಂದಿನ ಎರಡು ವಾರ ರಾತ್ರಿ ಮಾತ್ರ ಉರಿಸಿದರೆ ಒಟ್ಟು ಸುಮಾರು 40 ಯೂನಿಟ್. ಒಂದೇ ದೊಡ್ಡ ಬಲ್ಬು ಬೇಡ. ನಡುರಾತ್ರಿ ಅದು ಸುಟ್ಟುಹೋದರೆ ಬೆಳಗ್ಗೆ ಮರಿಗಳು ಒಂದರ ಮೇಲೊಂದು ಬಿದ್ದು, ಅಡಿಯವು ಉಸಿರುಕಟ್ಟಿ ಸತ್ತಿರುತ್ತವೆ. ಎಲ್‌ಇಡಿ ಹಾಕಿ ಕೈಸುಟ್ಟುಕೊಂಡವರೂ ಇದ್ದಾರೆ. ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ. ತಂತಿಯ ಬಲ್ಬೇ ಆಗಬೇಕು.

ಒಂದೂವರೆ ಅಡಿ ಎತ್ತರದ ತಗಡನ್ನು ನಾಲ್ಕಡಿ ಅಗಲಕ್ಕೆ ದುಂಡಗೆ ಸುತ್ತಿ. ಮೂಲೆ ಇದ್ದರೆ ಮರಿಗಳು ಅಲ್ಲೇ ಒತ್ತಿಕೊಳ್ಳುತ್ತವೆ. ಎರಡಂಗುಲ ಭತ್ತದ ಹೊಟ್ಟು ಹರಡಿ, ಮೂರು ದಿನ ಮೇಲೆ ಮುದುರಿ ಬಿಡಿಸಿದ ಪೇಪರ್ ಹಾಸಿ. ನುಣುಪು ಪೇಪರ್ ಮೇಲೆ ಕಾಲು ಜಾರಿ ಅಗಲಿಸಿಕೊಳ್ಳುತ್ತವೆ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಯ ಪಾದವನ್ನು ನಿಮ್ಮ ಕೆನ್ನೆಗೆ ಒತ್ತಿ ನೋಡಿ: ತಣ್ಣಗಿದ್ದರೆ ಬಲ್ಬು ಇಳಿಸಿ. ಬಾಯಿ ತೆರೆದು ತಗಡಿಗೆ ಅಂಟಿ ನಿಂತಿದ್ದರೆ ಮೇಲೆತ್ತಿ. ಒಂದೇ ಪಕ್ಕಕ್ಕೆ ಸೇರಿದ್ದರೆ ಇನ್ನೊಂದು ಕಡೆಯಿಂದ ಗಾಳಿ ನುಗ್ಗುತ್ತಿದೆ. ಕರೆಂಟ್ ಹೋದಾಗ ಮಡಕೆಯಲ್ಲಿ ಕೆಂಡ ಇಡುವುದುಂಟು. ಕಿಟಕಿ ಮುಚ್ಚಿ ಇಟ್ಟರೆ ಚಳಿಗಿಂತ ಮೊದಲು ವಿಷಗಾಳಿಯೇ ಕೊಲ್ಲುತ್ತದೆ.

ಮೇವಿನಲ್ಲಿ ಹೇಂಟೆ ಮರಿಗಳಿಗೇ ಅನುಕೂಲ. ಗೆದ್ದಲು, ಹುಳ ಹೆಕ್ಕುವುದರಿಂದ ನುಚ್ಚಕ್ಕಿಯಲ್ಲೂ ನಡೆದೀತು. ಬಲ್ಬಿನ ಮರಿಗೆ ಬರೀ ನುಚ್ಚು ಹಾಕಿದರೆ ರೆಕ್ಕೆ ಜೋತುಬಿದ್ದು ಬೆಳವಣಿಗೆ ನಿಲ್ಲುತ್ತದೆ. ಶೇ 20ರಷ್ಟು ಪ್ರೋಟೀನ್ ಇರುವ ಸ್ಟಾರ್ಟರ್ ಮೇವು ಬೇಕೇ ಬೇಕು. ನೀರಿನ ಬಟ್ಟಲ ಸುತ್ತ ಹೊಟ್ಟು ಒದ್ದೆಯಾದರೆ ಮೂರನೇ ವಾರ ರಕ್ತಭೇದಿ ಬಂತೆಂದೇ ಲೆಕ್ಕ.

ಲಸಿಕೆಯಲ್ಲಿ ಬಲ್ಬು ಮುಂದು. ಕೊಕ್ಕರೆ ರೋಗಕ್ಕೆ 5–7ನೇ ದಿನ ಲಸೋಟ ಎಂಬ ಲಸಿಕೆಯ ಕಣ್ಣಿನ ಹನಿ, 14ಕ್ಕೆ ಗುಂಬೊರೊ ರೋಗದ ಲಸಿಕೆ, 28ಕ್ಕೆ ಮತ್ತೆ ಲಸೋಟ. ಹೇಂಟೆಯ ಮರಿಗಳನ್ನು ಹಗಲಲ್ಲಿ ಹಿಡಿಯುವುದು ಸರ್ಕಸ್, ರಾತ್ರಿ ಮಂಕರಿಯಡಿಯೇ ಹಾಕಬೇಕು. ಸೀಸೆಯಲ್ಲಿ ಬರುವುದು ನೂರಾರು ಡೋಸು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ನಾಲ್ಕು ಮನೆಯವರು ಒಂದೇ ವಾರದಲ್ಲಿ ಮರಿ ಮಾಡಿಸಿ ಹಂಚಿಕೊಂಡರೆ ಚೆಂದ.

ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ತಳಿ ಸಾಕುವವರಿಗೆ ಆಯ್ಕೆಯೇ ಕಡಿಮೆ. ಈ ಹೇಂಟೆಗಳನ್ನು ಕಾವಿಗೆ ನೆಚ್ಚುವಂತಿಲ್ಲ. ಅದಕ್ಕೂ ಒಂದು ಉಪಾಯವಿದೆ. ಎರಡು ವಾರಕ್ಕಿಂತ ಹೆಚ್ಚು ಕಾವು ಕೂತ ನಾಟಿ ಹೇಂಟೆಯಡಿಗೆ, ಕತ್ತಲಲ್ಲಿ, ಮೊಟ್ಟೆ ಎಳೆದುಕೊಂಡು ಒಂದೆರಡು ದಿನದ ಹತ್ತು ಮರಿಗಳನ್ನು ಸರಿಸಿಬಿಡಿ. ಬೆಳಕು ಹರಿಯುವಾಗ ಪಕ್ಕದಲ್ಲೇ ಇರಿ. ಲೊಕ್ ಲೊಕ್ ಎಂದು ಕರೆದರೆ ಒಪ್ಪಿಕೊಂಡಳು. ತಲೆಗೆ ಕುಕ್ಕಿದರೆ ಆ ಕ್ಷಣವೇ ಮರಿ ತೆಗೆಯಬೇಕು, ಅದಕ್ಕೇ ಆ ರಾತ್ರಿ ಬಲ್ಬಿನ ಗೂಡೂ ಬಿಸಿಯಾಗಿಯೇ ಇರಲಿ.