ನಕಲು ಮಾಡಿಟ್ಟ ಒಎಸ್‌ಟಿ ಫೈಲನ್ನು ಬ್ಯಾಕಪ್ ಎಂದು ನಂಬಬೇಡಿ

ಮೈಕ್ರೋಸಾಫ್ಟ್‌ನ ಮೇಲ್ ತಂತ್ರಾಂಶವಾದ ಔಟ್‌ಲುಕ್ (ವಿಂಡೋಸ್‌ನ ಕ್ಲಾಸಿಕ್ ಆವೃತ್ತಿ) ಬಳಸುವ ಸಣ್ಣ ಕಚೇರಿಗಳವರು ಮೇಲ್ ಸೇವೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಯಿಸುವ ಮುನ್ನ ದಯವಿಟ್ಟು ಇದನ್ನು ಓದಿ.

ನಮ್ಮದು ತೆರಿಗೆ ಸಲಹೆಯ ಕಚೇರಿ. ಗ್ರಾಹಕರ ಇನ್‌ವಾಯ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ನೋಟಿಸುಗಳಿಗೆ ಕೊಟ್ಟ ಉತ್ತರ ಎಲ್ಲವೂ ಇಮೇಲಿನಲ್ಲೇ ಬಂದು ಹೋಗುತ್ತವೆ. ಜಿಎಸ್‌ಟಿ ಕಾನೂನು ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಕಾಯ್ದಿಡಬೇಕೆನ್ನುವುದರಿಂದ ಹಳೆಯ ಮೇಲ್‌ಗಳು ನಮಗೆ ಬೇಕೇ ಬೇಕು. ಹೋಸ್ಟಿಂಗ್, ಅಂದರೆ ನಮ್ಮ ಮೇಲ್‌ಗಳನ್ನಿಡುವ ಸರ್ವರಿನ ಸೇವೆ, ಬದಲಾಯಿಸಿದ ಸಮಯದಲ್ಲಿ ಔಟ್‌ಲುಕ್ ಡೇಟಾ ಫೈಲ್ ತೆರೆಯಲಾಗುತ್ತಿಲ್ಲ ಎಂಬ ಸಂದೇಶ ಬರತೊಡಗಿತು. ದುರಸ್ತಿಗೆ ಬಂದ ತಂತ್ರಜ್ಞರು ವಿಂಡೋಸ್‌ನ ಆ್ಯಪ್‌ಡೇಟಾ ಫೋಲ್ಡರಿನೊಳಗಿದ್ದ ಒಎಸ್‌ಟಿ ಫೈಲನ್ನು (ಔಟ್‌ಲುಕ್ ಮೇಲ್‌ಗಳನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಫೈಲ್) ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, "ಬ್ಯಾಕಪ್ ತೆಗೆದಿದ್ದೇನೆ ಸರ್, ಏನೂ ಹೋಗುವುದಿಲ್ಲ" ಎಂದು ಹೇಳಿ, ಔಟ್‌ಲುಕ್‌ನಲ್ಲಿ ಖಾತೆಯ ಸೆಟ್ಟಿಂಗ್‌ಗಳಿರುವ ಹಳೆಯ ಪ್ರೊಫೈಲನ್ನು ಅಳಿಸಿ ಹೊಸದನ್ನು ಮಾಡಿದರು. ಹೊಸ ಮೇಲ್‌ಗಳು ಸರಾಗವಾಗಿ ಬಂದವು. ಹಳೆಯವು ಒಂದೂ ಇರಲಿಲ್ಲ. ಹಾರ್ಡ್‌ಡಿಸ್ಕಿನಲ್ಲಿದ್ದ ಹಲವು ಜಿಬಿಯ ಆ ಫೈಲನ್ನು ತೆರೆಯಲು ಹೋದರೆ ಔಟ್‌ಲುಕ್ ಒಪ್ಪಲಿಲ್ಲ. ಹೆಸರಿನ ಕೊನೆಯಲ್ಲಿ ಒಎಸ್‌ಟಿ ತೆಗೆದು, ಔಟ್‌ಲುಕ್‌ನ ಇನ್ನೊಂದು ಬಗೆಯ ಫೈಲಿನಂತೆ, ಪಿಎಸ್‌ಟಿ ಎಂದು ಬರೆದರೂ ಒಪ್ಪಲಿಲ್ಲ. ಅಷ್ಟರಲ್ಲಿ ಹಳೆಯ ಹೋಸ್ಟಿಂಗಿನ ಅವಧಿ ಮುಗಿದು ಸರ್ವರ್ ಖಾಲಿಯಾಗಿತ್ತು.

ಹೀಗಾಗಲು ಕಾರಣವಿದೆ. ಪಿಎಸ್‌ಟಿ ಎಂಬುದು ಸ್ವತಂತ್ರ ಫೈಲ್. ಯಾವ ಕಂಪ್ಯೂಟರಿನ ಔಟ್‌ಲುಕ್‌ನಲ್ಲಿ ಬೇಕಾದರೂ ತೆರೆಯಬಹುದು. ಒಎಸ್‌ಟಿ ಹಾಗಲ್ಲ. ಅದು ಸರ್ವರಿನಲ್ಲಿರುವ ಅಂಚೆಪೆಟ್ಟಿಗೆಯ ಆಫ್‌ಲೈನ್ ಪ್ರತಿ ಮಾತ್ರ, ತನ್ನನ್ನು ಸೃಷ್ಟಿಸಿದ ಪ್ರೊಫೈಲಿಗೆ ಅಂಟಿಕೊಂಡಿರುತ್ತದೆ, ಆ ಪ್ರೊಫೈಲ್ ಅಳಿದ ಮೇಲೆ ಅದನ್ನು ತೆರೆಯುವ ದಾರಿಯನ್ನು ಔಟ್‌ಲುಕ್ ಕೊಡುವುದಿಲ್ಲ. ಐಮ್ಯಾಪ್ ಖಾತೆಗಳಿಗೆ (ಮೇಲ್‌ಗಳು ಸರ್ವರಿನಲ್ಲೇ ಇದ್ದು, ಕಂಪ್ಯೂಟರ್ ಅದರೊಂದಿಗೆ ಹೊಂದಿಸಿಕೊಳ್ಳುವ ಬಗೆ) ಔಟ್‌ಲುಕ್‌ನ 2010ರ ಆವೃತ್ತಿಯವರೆಗೂ ಪಿಎಸ್‌ಟಿಯೇ ಇತ್ತು, 2013ರಿಂದ ಒಎಸ್‌ಟಿ ಬಂತು; ಫೈಲನ್ನು ನಕಲಿಸಿಕೊಂಡರೆ ಸಾಕೆಂಬ ಹಳೆಯ ರೂಢಿ ಅನೇಕ ತಂತ್ರಜ್ಞರಲ್ಲಿ ಉಳಿದಿರುವುದು ಇದೇ ಕಾರಣಕ್ಕೆ ಎಂದು ನನ್ನ ಅನಿಸಿಕೆ. ಹೊಸ ಪ್ರೊಫೈಲ್ ಮಾಡುವುದು ತಪ್ಪು ಚಿಕಿತ್ಸೆಯೇನಲ್ಲ. ಮೇಲ್‌ಗಳೆಲ್ಲ ಸರ್ವರಿನಲ್ಲಿ ಇರುವಾಗ ಅದು ಸರಿಯಾದ ಕ್ರಮವೇ. ಸರ್ವರೇ ಬದಲಾಗುತ್ತಿರುವಾಗ ಮಾತ್ರ ಅದು ಅನಾಹುತ.

ಇನ್ನೊಂದು ನಷ್ಟ ತಡವಾಗಿ ತಿಳಿಯಿತು. ನಮ್ಮದರಂಥ ಐಮ್ಯಾಪ್ ಖಾತೆಯಲ್ಲಿ ಔಟ್‌ಲುಕ್‌ನ ಕ್ಯಾಲೆಂಡರ್ ಮತ್ತು ಸಂಪರ್ಕಗಳ ಪಟ್ಟಿ ಸರ್ವರಿಗೆ ಹೋಗುವುದೇ ಇಲ್ಲ. ಈ ಕಂಪ್ಯೂಟರಿಗೆ ಮಾತ್ರ ಎಂಬ ಗುರುತಿನೊಂದಿಗೆ ಆ ಒಎಸ್‌ಟಿಯಲ್ಲೇ ಇರುತ್ತವೆ. ವಿಚಾರಣೆಯ ದಿನಾಂಕಗಳನ್ನೆಲ್ಲ ನಾವು ಅಲ್ಲೇ ಬರೆದಿಟ್ಟಿದ್ದೆವು.

ಬೇರೆ ದಾರಿ ಕಾಣದೆ ಒಎಸ್‌ಟಿಯನ್ನು ಪಿಎಸ್‌ಟಿಯಾಗಿಸುವ ತಂತ್ರಾಂಶವೊಂದನ್ನು ತರಿಸಿದೆವು. ಉಚಿತ ಆವೃತ್ತಿಯು ಮೇಲ್‌ಗಳ ಪಟ್ಟಿಯನ್ನು ಪೂರ್ತಿ ತೋರಿಸಿ ಆಸೆ ಹುಟ್ಟಿಸಿತು, ಉಳಿಸಿಕೊಳ್ಳಲು ಹೋದಾಗ ಹಣ ಕೇಳಿತು. ಕೊಟ್ಟೆವು. ಬಹುಪಾಲು ಮೇಲ್‌ಗಳು ಮರಳಿದವು, ಕೆಲವು ಲಗತ್ತುಗಳು ತೆರೆಯಲಿಲ್ಲ, ಕ್ಯಾಲೆಂಡರ್ ಅರೆಬರೆಯಾಗಿ ಬಂತು. ಫೈಲನ್ನು ಅಪ್‌ಲೋಡ್ ಮಾಡಿದರೆ ಪರಿವರ್ತಿಸಿಕೊಡುತ್ತೇವೆ ಎನ್ನುವ ಜಾಲತಾಣಗಳೂ ಸಿಕ್ಕಿದ್ದವು. ಗ್ರಾಹಕರ ಪ್ಯಾನ್ ಪ್ರತಿ, ಬ್ಯಾಂಕ್ ವಿವರಗಳಿರುವ ಮೇಲ್‌ಪೆಟ್ಟಿಗೆಯನ್ನು ಗುರುತು ಪರಿಚಯವಿಲ್ಲದವರ ಸರ್ವರಿಗೆ ಒಪ್ಪಿಸಬೇಡಿ, ಎಷ್ಟೇ ತುರ್ತಿದ್ದರೂ.

ಹಳೆಯ ಪ್ರೊಫೈಲ್ ಇನ್ನೂ ಉಳಿದಿದ್ದು, ಅದರಲ್ಲಿ ಔಟ್‌ಲುಕ್ ತೆರೆಯುತ್ತಿದ್ದರೆ, ಮೊದಲು ಇಂಟರ್‌ನೆಟ್ ಸಂಪರ್ಕ ಕಡಿದುಹಾಕಿ. ಖಾಲಿಯಾದ ಸರ್ವರಿಗೆ ಅದು ಸಂಪರ್ಕಗೊಂಡರೆ ಕಂಪ್ಯೂಟರಿನಲ್ಲಿರುವ ಪ್ರತಿಯನ್ನೂ ಖಾಲಿ ಮಾಡಿಕೊಳ್ಳುವ ಅಪಾಯವಿದೆ. ಬಳಿಕ ಫೈಲ್ ಮೆನುವಿನಲ್ಲಿರುವ ಎಕ್ಸ್‌ಪೋರ್ಟ್ ಸೌಲಭ್ಯದಿಂದ ಇಡೀ ಖಾತೆಯನ್ನು, ಒಳಫೋಲ್ಡರುಗಳೂ ಸೇರುವಂತೆ, ಪಿಎಸ್‌ಟಿಯಾಗಿ ತೆಗೆಯಿರಿ. ಆ ಪಿಎಸ್‌ಟಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಕ್ಯಾಲೆಂಡರ್ ಬಂದಿದೆಯೇ, ಹಳೆಯ ಲಗತ್ತುಗಳು ತೆರೆಯುತ್ತವೆಯೇ ಎಂದು ನೋಡುವವರೆಗೆ ಯಾರಿಗೂ ಪ್ರೊಫೈಲ್ ಅಳಿಸಲು ಬಿಡಬೇಡಿ. ಫೈಲೇ ಕೆಟ್ಟಿದ್ದರೆ ಔಟ್‌ಲುಕ್‌ನ ಜೊತೆಗೇ ಬರುವ ಸ್ಕ್ಯಾನ್‌ಪಿಎಸ್‌ಟಿ ಎಂಬ ದುರಸ್ತಿ ಸಾಧನವಿದೆ. ಅದನ್ನು ಓಡಿಸುವ ಮೊದಲು ಮೂಲ ಫೈಲಿನ ಪ್ರತಿಯೊಂದನ್ನು ಪಕ್ಕಕ್ಕೆ ಇಟ್ಟುಕೊಳ್ಳಿ, ಏಕೆಂದರೆ ಸರಿಪಡಿಸಲಾಗದ ಭಾಗವನ್ನು ಅದು ಬಿಟ್ಟುಬಿಡಬಹುದು.

ಮೈಕ್ರೋಸಾಫ್ಟ್ 365 ಅಥವಾ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನದೇ ಮೇಲ್ ಸರ್ವರ್) ಖಾತೆಯವರು ಇನ್ನೊಂದನ್ನು ಗಮನಿಸಬೇಕು. ಎಷ್ಟು ಅವಧಿಯ ಮೇಲ್‌ಗಳನ್ನು ಆಫ್‌ಲೈನ್ ಇಡಬೇಕೆಂಬ ಆಯ್ಕೆ ಸಾಮಾನ್ಯವಾಗಿ ಒಂದು ವರ್ಷಕ್ಕೆ ನಿಂತಿರುತ್ತದೆ. ಹಾಗಿರುವಾಗ ಒಎಸ್‌ಟಿಯಲ್ಲಿ ಅದಕ್ಕಿಂತ ಹಳೆಯದು ಇರುವುದೇ ಇಲ್ಲ; ಸರ್ವರ್ ಇನ್ನೂ ಖಾಲಿಯಾಗದಿರುವಾಗಲೇ ಆ ಆಯ್ಕೆಯನ್ನು ಪೂರ್ತಿಗೆ ಬದಲಿಸಿ, ಎಲ್ಲವೂ ಇಳಿದ ಮೇಲೆ ಎಕ್ಸ್‌ಪೋರ್ಟ್ ಮಾಡಬೇಕು.

ಹಳೆಯ ಹೋಸ್ಟಿಂಗಿಗೆ ಇನ್ನೊಂದು ತಿಂಗಳ ಹಣ ಹೆಚ್ಚಿಗೆ ಕೊಟ್ಟಾದರೂ ಅದನ್ನು ಚಾಲ್ತಿಯಲ್ಲಿಡಿ. ಪರಿವರ್ತನೆಯ ತಂತ್ರಾಂಶಕ್ಕೆ ನಾವು ಸುರಿದ ಹಣ ಅದಕ್ಕಿಂತ ಹೆಚ್ಚಾಗಿತ್ತು.