ಫೂಟರಿಗೆ ಒಂದು ಲಿಂಕ್: ವಿಜೆಟ್, ಕೋಡ್, ಮೆನು, ಬ್ಲಾಕ್ ಇವುಗಳಲ್ಲಿ ಯಾವುದು ವಾಸಿ?

ಬೆಂಗಳೂರಿನ ವಿಜಯನಗರದಲ್ಲಿರುವ ನಮ್ಮ ಕನ್ನಡ ಸಂಘದ ವೆಬ್‌ಸೈಟ್ ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ತಂತ್ರಾಂಶದಲ್ಲಿದೆ. ರಾಜ್ಯೋತ್ಸವ ಹತ್ತಿರ ಬಂತು ಅಂದರೆ ಎಲ್ಲರೂ ಕೇಳುವುದು ಒಂದೇ: ‘ಸದಸ್ಯತ್ವದ ಫಾರಂ ಎಲ್ಲಿದೆ?’ ಮೇಲಿನ ಮೆನು ತುಂಬಿಹೋಗಿದೆ. ಹಾಗಾಗಿ ಪುಟದ ಅಡಿಯಲ್ಲಿ, ಫೂಟರಿನಲ್ಲಿ, ಆ ಫಾರಮ್ಮಿಗೆ ಲಿಂಕ್ ಕೊಡಬೇಕಿತ್ತು. ಇರುವ ದಾರಿಗಳನ್ನೆಲ್ಲ ಸೈಟಿನ ಒಂದು ನಕಲಿನ ಮೇಲೆ ಮಾಡಿ ನೋಡಿದೆ. ನಮ್ಮಲ್ಲಿ ಸೈಟ್ ನೋಡಿಕೊಳ್ಳುವವರು ಆಗಾಗ ಬದಲಾಗುತ್ತಾರೆ. ಮುಂದೆ ಬರುವವರು ಯಾರನ್ನೂ ಕೇಳದೆ ಆ ಲಿಂಕನ್ನು ಹುಡುಕಿ ಬದಲಾಯಿಸಲು ಆಗಬೇಕು. ನಾನು ಅಳೆದದ್ದು ಇದರಿಂದಲೇ.

ಎಲ್ಲಕ್ಕಿಂತ ಬೇಗ ಮುಗಿದದ್ದು ವಿಜೆಟ್, ಅಂದರೆ ಪುಟದಲ್ಲಿ ಕೂರಿಸುವ ಪುಟ್ಟ ಪೆಟ್ಟಿಗೆ. ಫೂಟರಿನ ವಿಜೆಟ್ ಜಾಗದಲ್ಲಿ ಒಂದು ಸಾಲು ಬರೆದು ಲಿಂಕ್ ಕೊಟ್ಟರೆ ಆಯಿತು. ಆದರೆ ಅದು ಕೈಯಲ್ಲಿ ಬರೆದ ವಿಳಾಸ. ನಾಳೆ ಫಾರಂ ಪುಟದ ವಿಳಾಸ ಬದಲಾದರೆ ಈ ಲಿಂಕ್ ತಾನಾಗಿ ಬದಲಾಗುವುದಿಲ್ಲ.

ಸೈಟಿನ ರೂಪ ನಿರ್ಧರಿಸುವ ಫೈಲುಗಳ ಕಟ್ಟಿಗೆ ಥೀಮ್ ಅನ್ನುತ್ತಾರೆ. ಅದರ ಫೂಟರ್ ಪಿಎಚ್‌ಪಿ ಕೋಡ್ ಫೈಲಿಗೇ ಕೈ ಹಾಕುವುದು ಇನ್ನೊಂದು ದಾರಿ. ಎಲ್ಲಿ ಬೇಕೋ ಅಲ್ಲೇ, ಹೇಗೆ ಬೇಕೋ ಹಾಗೇ ಲಿಂಕ್ ಕೂರುತ್ತದೆ. ಆದರೆ ಥೀಮ್ ಅಪ್‌ಡೇಟ್ ಆದಾಗ ಬರೆದದ್ದೆಲ್ಲ ಹೋಗುತ್ತದೆ. ಚೈಲ್ಡ್ ಥೀಮ್ (ಮೂಲ ಥೀಮಿನ ಮೇಲೆ ನಮ್ಮ ಬದಲಾವಣೆಗಳನ್ನಷ್ಟೇ ಬೇರೆಯಾಗಿ ಇಡುವ ಥೀಮ್) ಮಾಡಿಕೊಂಡರೆ ಅದು ಉಳಿಯುತ್ತದೆ, ನಿಜ. ಆಗ ಮೂಲ ಥೀಮಿನವರು ಆ ಫೈಲಿನಲ್ಲಿ ಮಾಡುವ ತಿದ್ದುಪಡಿ ನಮಗೆ ಬರುವುದಿಲ್ಲ. ಒಂದು ಲಿಂಕಿಗೋಸ್ಕರ ಕೋಡ್ ಬಲ್ಲವರನ್ನೇ ಪ್ರತಿಸಲ ಹುಡುಕುವುದು ನಮ್ಮಂಥ ಸಂಘಕ್ಕೆ ಆಗದ ಮಾತು.

ನನಗೆ ಹಿಡಿಸಿದ್ದು ಮೆನು. ವರ್ಡ್‌ಪ್ರೆಸ್ ಡ್ಯಾಶ್‌ಬೋರ್ಡಿನ ಅಪಿಯರೆನ್ಸ್ ಒಳಗೆ ಮೆನುಸ್‌ಗೆ ಹೋಗಿ, ಫೂಟರಿಗೆ ಅಂತಲೇ ಹೊಸ ಮೆನು ಮಾಡಿ, ಪುಟಗಳ ಪಟ್ಟಿಯಿಂದ ಫಾರಂ ಪುಟವನ್ನು ಆರಿಸಬೇಕು. ವಿಳಾಸವನ್ನು ಕೈಯಲ್ಲಿ ಬರೆಯುವ ‘ಕಸ್ಟಮ್ ಲಿಂಕ್’ ಬೇಡ. ಪಟ್ಟಿಯಿಂದ ಆರಿಸಿದರೆ ಪುಟದ ವಿಳಾಸ ಬದಲಾದಾಗ ಮೆನುವೂ ಜೊತೆಗೇ ಬದಲಾಗುತ್ತದೆ. ಆಮೇಲೆ ‘ಮ್ಯಾನೇಜ್ ಲೊಕೇಶನ್ಸ್’ನಲ್ಲಿ ಆ ಮೆನುವಿಗೆ ಫೂಟರಿನ ಜಾಗ ತೋರಿಸಬೇಕು. ಕೆಲವು ಥೀಮ್‌ಗಳಲ್ಲಿ ಫೂಟರಿಗೆ ಮೆನು ಜಾಗವೇ ಇರುವುದಿಲ್ಲ. ಅಂಥ ಕಡೆ ‘ನ್ಯಾವಿಗೇಶನ್ ಮೆನು’ ಎಂಬ ವಿಜೆಟ್ ಇದೆ. ಅದನ್ನು ಫೂಟರಿನ ವಿಜೆಟ್ ಜಾಗದಲ್ಲಿಟ್ಟು ಇದೇ ಮೆನುವನ್ನು ಆರಿಸಿದರೆ ಸಾಕು. ಹೊಸಬರಿಗೆ ‘ಮೆನುಸ್‌ನಲ್ಲಿ ನೋಡಿ’ ಅಂದರೆ ಮುಗಿಯಿತು.

2022ರ ಜನವರಿಯಲ್ಲಿ ಬಂದ ವರ್ಡ್‌ಪ್ರೆಸ್ 5.9 ಆವೃತ್ತಿಯಿಂದ ಬ್ಲಾಕ್ ಥೀಮ್‌ಗಳು, ಅಂದರೆ ಫೂಟರ್ ಸೇರಿ ಇಡೀ ಪುಟವನ್ನು ಬ್ಲಾಕ್ ಎಂಬ ತುಂಡುಗಳಿಂದ ಜೋಡಿಸುವ ಥೀಮ್‌ಗಳು, ಶುರುವಾದವು. ಅವುಗಳಲ್ಲಿ ಸಾಮಾನ್ಯವಾಗಿ ಈ ಮೆನುಸ್ ಪುಟ ಕಾಣುವುದಿಲ್ಲ. ಎಡಿಟರಿನಲ್ಲಿ ಫೂಟರ್ ತೆರೆದು ನ್ಯಾವಿಗೇಶನ್ ಬ್ಲಾಕ್ ಹಾಕಬೇಕು. ಕಣ್ಣೆದುರೇ ಕೆಲಸ ಆಗುವುದು ಖುಷಿ ಕೊಡುತ್ತದೆ. ಎರಡು ಕಡೆ ಮಾತ್ರ ಎಚ್ಚರ ಬೇಕು. ಮೇಲಿನ ಮೆನುವನ್ನೇ ಇಲ್ಲೂ ಆರಿಸಿದರೆ, ಇಲ್ಲಿ ಸೇರಿಸಿದ ಲಿಂಕ್ ಮೇಲೂ ಕಾಣಿಸಿಕೊಳ್ಳುತ್ತದೆ. ಹೊಸ ಮೆನುವನ್ನೇ ಮಾಡಿಕೊಳ್ಳಿ. ಇನ್ನು, ‘ಓವರ್‌ಲೇ ಮೆನು’ ಆಯ್ಕೆ ‘ಮೊಬೈಲ್’ನಲ್ಲಿದ್ದರೆ ಫೋನಿನಲ್ಲಿ ಲಿಂಕಿನ ಬದಲು ಮೂರು ಗೆರೆಯ ಗುರುತು ಬರುತ್ತದೆ. ಪುಟದ ಕೊನೆಗೆ ಬಂದವರು ಅದನ್ನು ಒತ್ತುತ್ತಾರಾ? ‘ಆಫ್’ ಮಾಡಿಬಿಡಿ. ಬ್ಲಾಕ್ ಥೀಮ್ ಇರುವವರಿಗೆ ಇದೇ ಸರಿ, ಅದಕ್ಕೋಸ್ಕರ ಹಳೆಯ ಥೀಮ್ ಬಿಡುವ ಅಗತ್ಯ ಇಲ್ಲ.

ಯಾವ ದಾರಿ ಹಿಡಿದರೂ ಕನ್ನಡದ ಸೈಟಿಗೆ ಇನ್ನೊಂದು ವಿಷಯ ಇದೆ. ಪುಟದ ಹೆಸರು ಕನ್ನಡದಲ್ಲಿದ್ದರೆ ವಿಳಾಸವೂ ಕನ್ನಡದಲ್ಲೇ ಆಗುತ್ತದೆ. ಕಾಪಿ ಮಾಡಿ ಕಳಿಸುವಾಗ ಅದು ಹೆಚ್ಚಾಗಿ ಶೇಕಡಾ ಚಿಹ್ನೆಗಳ ಸಾಲಾಗಿ ಬದಲಾಗುತ್ತದೆ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ 9 ಅಕ್ಷರ. ‘ಸದಸ್ಯತ್ವ’ ಎಂಬ ಪದದಲ್ಲಿ, ಒತ್ತಕ್ಷರ ಒಡೆದು ಎಣಿಸಿದರೆ, 8 ಚಿಹ್ನೆ, ಹಾಗಾಗಿ ಅದೊಂದಕ್ಕೇ 72. ವರ್ಡ್‌ಪ್ರೆಸ್ ಇದನ್ನು 200 ಅಕ್ಷರಕ್ಕೆ ನಿಲ್ಲಿಸುವುದರಿಂದ ಉದ್ದ ಹೆಸರುಗಳು ನಡುವೆಯೇ ತುಂಡಾಗುತ್ತವೆ. ಅದಕ್ಕೇ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಟ್ಟೆ. ಕಾಣುವ ಹೆಸರು ಮಾತ್ರ ಅಚ್ಚ ಕನ್ನಡದಲ್ಲಿ, ‘ಸದಸ್ಯತ್ವದ ಫಾರಂ’ ಅಂತ. ಸುಮ್ನೆ ‘ಇಲ್ಲಿ ಒತ್ತಿ’ ಅಂತ ಬರೆದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಏನೂ ತಿಳಿಯುವುದಿಲ್ಲ, ಅಲ್ವಾ?

ಫೂಟರಿನ ಬಣ್ಣವನ್ನೂ ನೋಡಿ. ತಿಳಿ ಬೂದು ಅಕ್ಷರ ಚೆಂದ ಕಾಣಬಹುದು, ಓದಲು ಕಷ್ಟ. ವೆಬ್ ಸುಲಭಲಭ್ಯತೆಯ ಮಾನದಂಡ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕೇಳುವುದು ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ. ನಮ್ಮ ಥೀಮಿನಲ್ಲಿ ಅಕ್ಷರವೂ ಸಣ್ಣದಿತ್ತು. ಅದನ್ನು 16 ಪಿಕ್ಸೆಲ್ ಮಾಡಿ ಸಾಲಿನ ಎತ್ತರ 1.7 ಇಟ್ಟ ಮೇಲೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುವುದು ನಿಂತಿತು.