ಸಿಡಿ ಬರ್ನ್ ಮಾಡಿಸುವವರೇ, ಫೈಲ್ ಕಾಣಿಸಿತು ಅಂತ ದುಡ್ಡು ಕೊಡಬೇಡಿ

ಹಾರ್ಡ್ ಡಿಸ್ಕ್ ಅಂಗಡಿಗೆ ಕೊಟ್ಟು ಸಿಡಿ ಮಾಡಿಸಬೇಕು ಅಂತ ಇರುವವರು ದಯವಿಟ್ಟು ಇದನ್ನು ಓದಿ. ಬರೆಯುವಾಗಲೂ ಕೈ ನಡುಗುತ್ತಿದೆ.

ಅಮ್ಮ ಹಾಡಿದ ಸೋಬಾನೆ ಪದಗಳು ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ನಲ್ಲಿದ್ದವು. ಅಮ್ಮ ಈಗಿಲ್ಲ. ಡಿಸ್ಕ್ ಕಟಕಟ ಅನ್ನೋಕೆ ಶುರು ಮಾಡಿತ್ತು. ಅಂಗಡಿಯವನಿಗೆ ಬಿಡಿಸಿ ಹೇಳಿದ್ದೆ: ಮೊದಲು ಪೂರ್ತಿ ಡಿಸ್ಕಿನ ಇಮೇಜ್ (ಡಿಸ್ಕಿನಲ್ಲಿರುವುದೆಲ್ಲದರ ಹಾಗೇ ನಕಲು, ಒಂದೇ ಫೈಲಾಗಿ) ತೆಗೆದುಕೊಡಿ, ಆಮೇಲೆ ಹಾಡುಗಳನ್ನು ಸಿಡಿಗೆ ಬರೆಯಿರಿ, ಡಿಸ್ಕನ್ನು ಮಾತ್ರ ಮುಟ್ಟಬೇಡಿ. "ಆಯ್ತು ಸಾರ್, ದಿನಾ ಮಾಡೋ ಕೆಲಸ" ಅಂದ. ಇಮೇಜಿಗೆ ಬೇರೆ, ಸಿಡಿಗೆ ಬೇರೆ ದುಡ್ಡು ತಗೊಂಡ.

ಮನೆಗೆ ಬಂದು ಸಿಡಿ ಹಾಕಿದರೆ ಒಂದು ಹೆಸರೂ ಇಲ್ಲ. "ಎಣ್ಣೆ ಶಾಸ್ತ್ರದ ಪದ", "ಹಸೆಗೆ ಕರೆಯುವ ಹಾಡು" ಅಂತ ಕನ್ನಡದಲ್ಲಿ ಕೂತು ಟೈಪ್ ಮಾಡಿದ ಹೆಸರುಗಳ ಜಾಗದಲ್ಲಿ ಬರೀ ಅಡಿಗೆರೆಗಳ ಸಾಲು. ಸಿಡಿಯಲ್ಲಿ ಫೈಲುಗಳನ್ನು ಜೋಡಿಸುವ ಹಳೇ ಐಎಸ್‌ಒ 9660 ಪದ್ಧತಿಯಲ್ಲೇ ಬರೆದಿದ್ದಾನೆ. ಅದರಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಅಂಕಿ, ಅಡಿಗೆರೆ ಬಿಟ್ಟರೆ ಬೇರೇನೂ ನಿಲ್ಲಲ್ಲ. ಬೇರೆ ಭಾಷೆಯ ಹೆಸರುಗಳಿಗೂ ಜಾಗ ಕೊಡುವ ಜೋಲಿಯಟ್ ಅನ್ನೋ ಆಯ್ಕೆ ಇಟ್ಟಿದ್ದರೆ ಕನ್ನಡ ಹಾಗೇ ಉಳೀತಿತ್ತು. ಹೆಸರು ಹೋಗಲಿ ಅಂದರೆ, ಕೊನೆಕೊನೆಯ ಹಾಡುಗಳು ಓಡಲೇ ಇಲ್ಲ.

ವಾಪಸ್ ತಗೊಂಡು ಹೋದೆ. ಅವನ ಕಂಪ್ಯೂಟರಿಗೇ ಹಾಕಿದ. ಪಟ್ಟಿ ಬಂತು. ಪರದೆಗೆ ಬೆರಳು ಇಟ್ಟು, "ನೋಡಿ ಸಾರ್, ಎಲ್ಲಾ ಕಾಣಿಸ್ತಾ ಇದೆಯಲ್ಲ, ನಿಮ್ಮ ಡ್ರೈವ್ ಸರಿ ಇಲ್ಲ" ಅಂದ. ಅಂಗಡಿಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ನಾಚಿಕೆಯಾಯ್ತು. ಕೊನೆಯ ಹಾಡು ಹಾಕಿ ಅಂದೆ. ಡ್ರೈವ್ ಗುರ್ ಅಂತು, ನಿಂತಿತು, ಮತ್ತೆ ಗುರ್ ಅಂತು. ಅಮ್ಮನ ದನಿ ಬರಲೇ ಇಲ್ಲ.

ಸಿಡಿ ಒಳಗಿನಿಂದ ಹೊರಗೆ ಬರೆಯುತ್ತಾ ಹೋಗುತ್ತದೆ. ಫೈಲುಗಳ ಪಟ್ಟಿ ಒಳಗಡೆ, ಶುರುವಿನಲ್ಲೇ ಇರುತ್ತದೆ. ಹೊರ ಅಂಚು ಕೆಟ್ಟಿದ್ದರೂ ಪಟ್ಟಿ ನೀಟಾಗಿ ಕಾಣುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಅಲ್ವಾ? ವೆರಿಫೈ ಮಾಡಿದ್ರಾ, ಅಂದರೆ ಬರೆದದ್ದನ್ನು ಮತ್ತೆ ಓದಿ ಸರಿ ಇದೆಯಾ ಅಂತ ನೋಡಿದ್ರಾ ಅಂತ ಕೇಳಿದರೆ, "ಅದಕ್ಕೆ ಡಬಲ್ ಟೈಮ್ ಆಗತ್ತೆ, ಯಾರೂ ಮಾಡಲ್ಲ" ಅಂದ. 52 ಎಕ್ಸ್ ಅನ್ನೋ ಭಾರೀ ವೇಗದಲ್ಲಿ ಅಗ್ಗದ ಸಿಡಿಗೆ ಬರೆದು, ವೆರಿಫೈಗೆ ಒಂದು ಟಿಕ್ ಕೂಡ ಹಾಕಿಲ್ಲ!

ಇಮೇಜ್ ಎಲ್ಲಿ ಅಂದೆ. "ಬರ್ನ್ ಆದ ಮೇಲೆ ಡಿಲೀಟ್ ಆಗತ್ತೆ ಸಾರ್." ಅದಕ್ಕೇ ಅಲ್ವಾ ನಾನು ಬೇರೆ ದುಡ್ಡು ಕೊಟ್ಟಿದ್ದು? ಹಾಗಾದರೆ ಡಿಸ್ಕಿನಿಂದಲೇ ಮತ್ತೆ ಬರೆಯಿರಿ ಅಂದೆ. "ಅದನ್ನ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿದ್ದೀವಿ. ಚಾರ್ಜ್ ಮಾಡಿಲ್ಲ." ಮುಟ್ಟಬೇಡಿ ಅಂದಿದ್ದೆ. ಎದುರಿಗೆ ನಿಂತು ಹೇಳಿದ್ದೆ, ಮುಟ್ಟಬೇಡಿ ಅಂತ. ಬರೀ ಕ್ವಿಕ್ ಫಾರ್ಮ್ಯಾಟ್ (ಫೈಲುಗಳ ಪಟ್ಟಿ ಮಾತ್ರ ಅಳಿಸುವುದು) ಆಗಿದ್ದರೆ ಜಾಸ್ತಿ ಭಾಗ ವಾಪಸ್ ಸಿಗಬಹುದಿತ್ತು. ಮೇಲೆ ವಿಂಡೋಸ್ ಬರೆದ ಜಾಗದಲ್ಲಿದ್ದದ್ದು ಹೋಯ್ತು, ಅಷ್ಟೇ.

ಅಂಗಡಿಯಲ್ಲೇ ಪ್ರತಿ ಹಾಡನ್ನೂ ಸಿಡಿಯಿಂದ ಪೆನ್‌ಡ್ರೈವಿಗೆ ಕಾಪಿ ಮಾಡಿಸಿ ನೋಡಿ, ಕೊನೆಯದನ್ನಂತೂ ಬಿಡಲೇಬೇಡಿ. ಇಮೇಜ್ ಫೈಲ್ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ. ಡಿಸ್ಕ್ ಮುಟ್ಟಬಾರದು ಅಂತ ಬಿಲ್ಲಿನ ಮೇಲೇ ಬರೆಸಿಕೊಳ್ಳಿ.

ಡಿಸ್ಕ್ ಈಗ ಡೇಟಾ ರಿಕವರಿಯವರ ಹತ್ತಿರ ಇದೆ. ಅಂಗಡಿಯವನು ದುಡ್ಡು ವಾಪಸ್ ಕೊಡಲ್ಲವಂತೆ. "ಬೇಕಾದರೆ ಇನ್ನೊಂದು ಸಿಡಿ ಫ್ರೀಯಾಗಿ ಬರೆದುಕೊಡ್ತೀನಿ" ಅಂತಾನೆ. ಯಾವುದರಿಂದ ಬರೀತಾನೆ?